ಶೋಧಯಂತ್ರವನ್ನು ಒಲಿಸಿಕೊಳ್ಳಬಹುದೇ?

ಪುಸ್ತಕ ವ್ಯಾಪಾರಿಯೊಬ್ಬನು ತನ್ನ ಅಂಗಡಿಗಾಗಿ ಒಂದು ಜಾಲತಾಣವನ್ನು ಮಾಡಿಸಿದನೆಂದು ಇಟ್ಟುಕೊಳ್ಳೋಣ. ಪುಸ್ತಕಗಳ ಪಟ್ಟಿ, ಬೆಲೆ, ಮುಖಪುಟದ ಚಿತ್ರ, ಅಂಗಡಿಯ ವಿಳಾಸ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿವೆ. ಆದರೆ ತಿಂಗಳುಗಳು ಕಳೆದರೂ ಆ ತಾಣದ ಮೂಲಕ ಒಬ್ಬ ಗಿರಾಕಿಯೂ ಬರಲಿಲ್ಲ. ಕಾರಣವನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಪುಸ್ತಕ ಬೇಕಾದವರು ಗೂಗಲ್‌ನಂತಹ ಶೋಧಯಂತ್ರದಲ್ಲಿ ಎರಡು ಮೂರು ಪದಗಳನ್ನು ಬರೆದು ಹುಡುಕುತ್ತಾರೆ. ಯಂತ್ರವು ಮೊದಲು ತೋರಿಸುವ ಹತ್ತು ಹೆಸರುಗಳಲ್ಲಿ ಒಂದನ್ನು ಆರಿಸಿಕೊಂಡು ತೃಪ್ತರಾಗುತ್ತಾರೆ. ನಮ್ಮ ವ್ಯಾಪಾರಿಯ ಹೆಸರು ಎಂಬತ್ತನೆಯದೋ ತೊಂಬತ್ತನೆಯದೋ ಆಗಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಇಂತಹ ವ್ಯಾಪಾರಿಯ ಬಳಿಗೆ ಒಬ್ಬ ಪರಿಣತನು ಬಂದು, ‘ಇಷ್ಟು ಹಣ ಕೊಡಿ, ಕೆಲವೇ ತಿಂಗಳಲ್ಲಿ ನಿಮ್ಮ ತಾಣವನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇನೆ’ ಎಂದು ಹೇಳಿದರೆ ಅವನು ಕಿವಿಗೊಡದೆ ಇರುವನೇ? ಈ ಪರಿಣತನ ವಿದ್ಯೆಗೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಎಂದು ಹೆಸರು. ಸಂಕ್ಷೇಪವಾಗಿ ಎಸ್‌ಇಒ ಎನ್ನುತ್ತಾರೆ. ಶೋಧಯಂತ್ರದ ಪಟ್ಟಿಯಲ್ಲಿ ಒಂದು ಪುಟವು ಆದಷ್ಟು ಮೇಲೆ ಬರುವಂತೆ ಅದನ್ನು ತಿದ್ದಿ ಸಜ್ಜುಗೊಳಿಸುವುದೇ ಈ ವಿದ್ಯೆಯ ಗುರಿ. ಜಗತ್ತಿನಾದ್ಯಂತ ಸಾವಿರಾರು ಜನರು ಇದನ್ನೇ ವೃತ್ತಿಯಾಗಿ ನಂಬಿದ್ದಾರೆ. ಇದು ನಿಜವಾಗಿಯೂ ಫಲ ಕೊಡುತ್ತದೆಯೇ? ಅಥವಾ ಮಳೆ ಬರಿಸುವೆನೆಂದು ಹೇಳಿ ದಕ್ಷಿಣೆ ತೆಗೆದುಕೊಳ್ಳುವವನ ಮಂತ್ರದಂತೆ ಇದೂ ಒಂದು ಮಂತ್ರವೇ?

ಈ ಪ್ರಶ್ನೆ ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಪಾಠದ ಟಿಪ್ಪಣಿಯಿಂದ ಹಿಡಿದು ಕಾಯಿಲೆಯ ಲಕ್ಷಣದವರೆಗೆ ಎಲ್ಲವನ್ನೂ ಇಂದಿನ ವಿದ್ಯಾರ್ಥಿಗಳು ಶೋಧಯಂತ್ರದಲ್ಲಿಯೇ ಹುಡುಕುತ್ತಾರೆ. ಮೊದಲ ಸ್ಥಾನವನ್ನು ಹಣದಿಂದಲೋ ಕೈಚಳಕದಿಂದಲೋ ಪಡೆಯಬಹುದಾದರೆ, ನಾವು ದಿನವೂ ಓದಿ ನಂಬುತ್ತಿರುವುದು ಏನನ್ನು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಯಂತ್ರದ ಮೂರು ಕೆಲಸಗಳು

ಒಲಿಸಿಕೊಳ್ಳಬೇಕಾದ ಯಂತ್ರವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ನಾವು ಹುಡುಕುವ ಪದವನ್ನು ಬರೆದ ಕ್ಷಣದಲ್ಲಿ ಯಂತ್ರವು ಜಗತ್ತಿನ ಎಲ್ಲ ಜಾಲತಾಣಗಳಿಗೂ ಓಡಿ ಹೋಗಿ ನೋಡಿ ಬರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗೆ ಮಾಡಿದರೆ ಉತ್ತರಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದೀತು. ಅದು ತನ್ನ ಕೆಲಸದ ಬಹುಭಾಗವನ್ನು ಮೊದಲೇ ಮುಗಿಸಿ ಸಿದ್ಧವಾಗಿರುತ್ತದೆ.

ಮೊದಲನೆಯದು ಸಂಚಾರ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಲು ಇರುವ ದಾರಿಗೆ ಕೊಂಡಿ ಎಂದು ಹೆಸರು. ಶೋಧಯಂತ್ರದ ದೂತರಂತಿರುವ ಕಂಪ್ಯೂಟರ್ ಕ್ರಮವಿಧಿಗಳು ಹಗಲಿರುಳೆನ್ನದೆ ಕೊಂಡಿಯಿಂದ ಕೊಂಡಿಗೆ ನಡೆಯುತ್ತ, ಕಂಡ ಪುಟಗಳ ಪ್ರತಿಯನ್ನು ತಂದು ಒಪ್ಪಿಸುತ್ತವೆ. ಎರಡನೆಯದು ಸೂಚಿಯ ರಚನೆ. ದಪ್ಪ ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಪದಗಳನ್ನು ಕೊಟ್ಟು, ಆ ಪದ ಯಾವ ಯಾವ ಪುಟದಲ್ಲಿದೆಯೆಂದು ನಮೂದಿಸಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಯಂತ್ರವು ಮಾಡುವುದೂ ಅದನ್ನೇ. ಆದರೆ ಅದರ ಪುಸ್ತಕವು ಸಾವಿರಾರು ಕೋಟಿ ಪುಟಗಳದು. ಮೂರನೆಯದು ತಾರತಮ್ಯ. ‘ಗುರುತ್ವಾಕರ್ಷಣೆ’ ಎಂಬ ಪದವು ಸಾವಿರಾರು ಪುಟಗಳಲ್ಲಿದ್ದರೆ ಅವುಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಕೊನೆಗೆ ತಳ್ಳಬೇಕು ಎಂಬುದನ್ನು ಯಂತ್ರವು ತೀರ್ಮಾನಿಸಬೇಕು.

ಸಂಚಾರವೂ ಸೂಚಿಯೂ ಶ್ರಮದ ಕೆಲಸಗಳಾದರೆ ತಾರತಮ್ಯವು ವಿವೇಕದ ಕೆಲಸ. ಯಂತ್ರಕ್ಕೆ ವಿವೇಕವೆಲ್ಲಿಂದ ಬರಬೇಕು? ಅದು ಅಳೆಯಬಲ್ಲುದನ್ನು ಮಾತ್ರ ಬಲ್ಲುದು. ಪುಟದ ಯೋಗ್ಯತೆಯನ್ನು ನೇರವಾಗಿ ಅಳೆಯುವ ಮಾನಕವಿಲ್ಲದುದರಿಂದ, ಯೋಗ್ಯತೆಯ ಜೊತೆಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ಬೇರೆ ಯಾವುದಾದರೊಂದು ಚಿಹ್ನೆಯನ್ನು ಅದು ಅಳೆಯುತ್ತದೆ. ಜ್ವರವನ್ನು ನೇರವಾಗಿ ಕಾಣಲಾರದ ವೈದ್ಯನು ಪಾದರಸದ ಕಂಬದ ಎತ್ತರವನ್ನು ನೋಡುವಂತೆ ಇದು. ಎಸ್‌ಇಒ ವಿದ್ಯೆಯ ಗುಟ್ಟೆಲ್ಲ ಅಡಗಿರುವುದು ಇಲ್ಲಿಯೇ. ಜ್ವರಮಾಪಕವನ್ನು ಬಿಸಿನೀರಿನಲ್ಲಿ ಅದ್ದಿದರೆ ಪಾದರಸವೇನೋ ಏರುತ್ತದೆ. ಆದರೆ ಮೈಗೆ ಜ್ವರ ಬಂದಿರುವುದಿಲ್ಲ.

ಪದಗಳನ್ನು ಎಣಿಸಿದ ಕಾಲ

ಶೋಧಯಂತ್ರಗಳ ಆದಿಪುರುಷನೆಂದು ಹೇಳಬಹುದಾದ ‘ಆರ್ಚಿ’ಯನ್ನು 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಆಲನ್ ಎಮ್‌ಟೇಜ್ ಎಂಬ ವಿದ್ಯಾರ್ಥಿಯು ರಚಿಸಿದನು. ಅದು ಕಡತಗಳ ಹೆಸರುಗಳನ್ನು ಮಾತ್ರ ಹುಡುಕುತ್ತಿತ್ತು. 1995ರ ಡಿಸೆಂಬರಿನಲ್ಲಿ ಬಳಕೆಗೆ ಬಂದ ‘ಆಲ್ಟಾವಿಸ್ಟಾ’ವು ಪುಟದ ಒಳಗಿನ ಪ್ರತಿಯೊಂದು ಪದವನ್ನೂ ಸೂಚಿಯಲ್ಲಿ ಸೇರಿಸಿತು. ಆ ಕಾಲದ ಯಂತ್ರಗಳು ಮುಖ್ಯವಾಗಿ ನೆಚ್ಚಿದ್ದುದು ಪುಟದಲ್ಲಿರುವ ಪದಗಳನ್ನೇ: ಹುಡುಕಿದ ಪದ ಪುಟದಲ್ಲಿ ಎಷ್ಟು ಸಾರಿ ಬಂದಿದೆ, ಶೀರ್ಷಿಕೆಯಲ್ಲಿ ಬಂದಿದೆಯೇ, ಆರಂಭದಲ್ಲಿಯೇ ಬಂದಿದೆಯೇ ಎಂಬುವು ಅವುಗಳ ಅಳತೆಗೋಲುಗಳು. ಗುರುತ್ವಾಕರ್ಷಣೆಯನ್ನು ವಿವರಿಸುವ ಪುಟದಲ್ಲಿ ಆ ಪದ ಹತ್ತಾರು ಸಾರಿ ಬರುವುದು ಸಹಜ. ಆದುದರಿಂದ ಅಳತೆಯು ಸಮಂಜಸವಾಗಿಯೇ ಇತ್ತು.

ಆದರೆ ಅಳತೆಯ ಗುಟ್ಟು ತಿಳಿದೊಡನೆ ಜನರು ಸುಮ್ಮನಿರಲಿಲ್ಲ. ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಾರಿ ಬರೆದರು. ಓದುವವರ ಕಣ್ಣಿಗೆ ಅದು ಕಾಣದು. ಬಣ್ಣವನ್ನು ಗಮನಿಸದ ಯಂತ್ರಕ್ಕೆ ಮಾತ್ರ ಕಾಣುವುದು. ಪುಟದ ವಿಷಯವನ್ನು ಯಂತ್ರಕ್ಕೆ ತಿಳಿಸುವುದಕ್ಕಾಗಿಯೇ ಮೀಸಲಾಗಿದ್ದ ಒಂದು ಗುಪ್ತ ಸ್ಥಳದಲ್ಲಿ ತಮಗೆ ಸಂಬಂಧವಿಲ್ಲದ ಜನಪ್ರಿಯ ಪದಗಳನ್ನೆಲ್ಲ ತುಂಬಿದರು. ಕೆಲವು ಕಾಲ ಈ ಉಪಾಯಗಳು ಫಲಿಸಿದುದು ನಿಜ. ಆದರೆ ಎಲ್ಲರೂ ಅದನ್ನೇ ಮಾಡತೊಡಗಿದಾಗ ಆ ಚಿಹ್ನೆಗೆ ಬೆಲೆಯೇ ಇಲ್ಲದಂತಾಯಿತು. ಆ ಗುಪ್ತ ಸ್ಥಳದ ಪದಗಳನ್ನು ತಾನು ತಾರತಮ್ಯಕ್ಕೆ ಬಳಸುವುದೇ ಇಲ್ಲವೆಂದು ಗೂಗಲ್ ಸಂಸ್ಥೆಯು 2009ರಲ್ಲಿ ಬಹಿರಂಗವಾಗಿ ಹೇಳಿತು.

ಕೊಂಡಿಗಳ ತೂಕ

ಇದಕ್ಕಿಂತ ಗಟ್ಟಿಯಾದ ಅಳತೆಯನ್ನು ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್. ತಮ್ಮ ಪದ್ಧತಿಯನ್ನು ವಿವರಿಸುವ ಪ್ರಬಂಧವನ್ನು ಅವರು 1998ರಲ್ಲಿ ಪ್ರಕಟಿಸಿದರು. ಗೂಗಲ್ ಸಂಸ್ಥೆ ಹುಟ್ಟಿದುದೂ ಅದೇ ವರ್ಷ. ಪುಟವೊಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ನಂಬುವ ಬದಲು, ಇತರರು ಅದರ ಬಗ್ಗೆ ಏನು ಹೇಳುತ್ತಾರೆಂಬುದನ್ನು ನೋಡಬೇಕೆಂಬುದು ಅವರ ಆಲೋಚನೆ. ಒಂದು ಪುಟವು ಇನ್ನೊಂದಕ್ಕೆ ಕೊಂಡಿ ಕೊಡುವುದೆಂದರೆ ‘ಇದು ನೋಡತಕ್ಕದ್ದು’ ಎಂದು ಶಿಫಾರಸು ಮಾಡಿದಂತೆ. ವಿಜ್ಞಾನಿಗಳಿಗೆ ಇದು ಹೊಸದಲ್ಲ. ಯಾವ ಪ್ರಬಂಧವನ್ನು ಎಷ್ಟು ಪ್ರಬಂಧಗಳು ಉಲ್ಲೇಖಿಸಿವೆಯೆಂದು ಪಟ್ಟಿ ಮಾಡಬೇಕೆಂದು ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿಯೇ ಸೂಚಿಸಿದ್ದರು. ಅಂತಹ ಸೂಚಿಯು 1964ರಲ್ಲಿ ಹೊರಬಂದಿತು.

ಪೇಜ್ ಮತ್ತು ಬ್ರಿನ್ ಶಿಫಾರಸುಗಳನ್ನು ಕೇವಲ ಎಣಿಸಲಿಲ್ಲ, ಅವುಗಳನ್ನು ತೂಗಿದರು. ಇದನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಜಗತ್ತಿನಲ್ಲಿ ಕ, ಖ, ಗ ಎಂಬ ಮೂರೇ ಪುಟಗಳಿವೆಯೆಂದು ಊಹಿಸಿಕೊಳ್ಳೋಣ. ಕ ಪುಟದಿಂದ ಖ ಮತ್ತು ಗ ಎರಡಕ್ಕೂ ಕೊಂಡಿಗಳಿವೆ. ಖ ಪುಟದಿಂದ ಗ ಪುಟಕ್ಕೆ ಮಾತ್ರ, ಗ ಪುಟದಿಂದ ಕ ಪುಟಕ್ಕೆ ಮಾತ್ರ ಕೊಂಡಿಯಿದೆ. ನೂರು ಮಂದಿ ಯಾತ್ರಿಕರನ್ನು ಈ ಪುಟಗಳಲ್ಲಿ ಬಿಟ್ಟು, ಗಂಟೆ ಹೊಡೆದಾಗಲೆಲ್ಲ ಪ್ರತಿಯೊಬ್ಬನೂ ಒಂದು ಕೊಂಡಿಯನ್ನು ಹಿಡಿದು ಮುಂದಿನ ಪುಟಕ್ಕೆ ಹೋಗಬೇಕೆಂದು ನಿಯಮ ಮಾಡೋಣ. ಹಲವು ಗಂಟೆಗಳು ಕಳೆದ ಮೇಲೆ ಯಾತ್ರಿಕರ ಹಂಚಿಕೆ ಒಂದು ಸ್ಥಿರಸ್ಥಿತಿಗೆ ಬರುತ್ತದೆ: ಕ ಪುಟದಲ್ಲಿ 40, ಖ ಪುಟದಲ್ಲಿ 20, ಗ ಪುಟದಲ್ಲಿ 40. ಮುಂದಿನ ಗಂಟೆಗೆ ಏನಾಗುವುದೆಂದು ನೋಡಿ. ಕ ಪುಟದ 40 ಮಂದಿಯಲ್ಲಿ 20 ಮಂದಿ ಖ ಪುಟಕ್ಕೂ 20 ಮಂದಿ ಗ ಪುಟಕ್ಕೂ ಹೋಗುತ್ತಾರೆ. ಖ ಪುಟದ 20 ಮಂದಿ ಗ ಪುಟವನ್ನು ಸೇರುತ್ತಾರೆ. ಗ ಪುಟದ 40 ಮಂದಿ ಕ ಪುಟಕ್ಕೆ ಬರುತ್ತಾರೆ. ಎಲ್ಲರೂ ಚಲಿಸಿದರೂ ಸಂಖ್ಯೆಗಳು ಮತ್ತೆ 40, 20, 40. ಮುಚ್ಚಿದ ಪಾತ್ರೆಯಲ್ಲಿ ನೀರಿನ ಕಣಗಳು ಆವಿಯಾಗುತ್ತ, ಆವಿ ಮತ್ತೆ ನೀರಾಗುತ್ತ ಇದ್ದರೂ ಒಟ್ಟು ಪ್ರಮಾಣ ಬದಲಾಗದಿರುವ ಸಮಸ್ಥಿತಿಯನ್ನು ಇದು ನೆನಪಿಗೆ ತರುವುದಿಲ್ಲವೇ?

ಈ ಸಂಖ್ಯೆಗಳೇ ಪುಟಗಳ ತೂಕ. ಕ ಮತ್ತು ಖ ಎರಡಕ್ಕೂ ದೊರೆತಿರುವುದು ಒಂದೊಂದೇ ಕೊಂಡಿ. ಆದರೂ ಕ ಪುಟದ ತೂಕ ಖ ಪುಟದ ಎರಡರಷ್ಟು. ಕಾರಣವೇನೆಂದರೆ, ಕ ಪುಟಕ್ಕೆ ಕೊಂಡಿ ಕೊಟ್ಟಿರುವ ಗ ಪುಟವು ತನ್ನ ತೂಕವನ್ನೆಲ್ಲ ಅದಕ್ಕೇ ಧಾರೆಯೆರೆದಿದೆ. ಖ ಪುಟಕ್ಕೆ ಕೊಂಡಿ ಕೊಟ್ಟಿರುವ ಕ ಪುಟವಾದರೋ ತನ್ನ ತೂಕವನ್ನು ಇಬ್ಬರಿಗೆ ಹಂಚಿದೆ. ಊರಿನ ಹಿರಿಯನೊಬ್ಬನ ಒಂದು ಮಾತು ದಾರಿಹೋಕರ ಹತ್ತು ಮಾತುಗಳಿಗಿಂತ ಹೆಚ್ಚು ತೂಗುವಂತೆ ಇದು.

ನಿಜವಾದ ಪದ್ಧತಿಯಲ್ಲಿ ಇನ್ನೊಂದು ಅಂಶವಿದೆ. ಯಾತ್ರಿಕನು ಯಾವಾಗಲೂ ಕೊಂಡಿಯನ್ನೇ ಹಿಡಿದು ಹೋಗುವುದಿಲ್ಲ. ನೂರರಲ್ಲಿ 85 ಸಾರಿ ಕೊಂಡಿಯನ್ನು ಹಿಡಿಯುತ್ತಾನೆ. ಉಳಿದ 15 ಸಾರಿ ಬೇಸರಗೊಂಡು ಜಗತ್ತಿನ ಯಾವುದೋ ಒಂದು ಪುಟಕ್ಕೆ ಹಾರಿಬಿಡುತ್ತಾನೆ. ಇದರಿಂದಾಗಿ ಯಾರೂ ಕೊಂಡಿ ಕೊಡದ ಅನಾಥ ಪುಟಕ್ಕೂ ಅಲ್ಪಸ್ವಲ್ಪ ತೂಕ ಬರುತ್ತದೆ. ಪುಟಗಳ ಸರಾಸರಿ ತೂಕವನ್ನು 1 ಎಂದು ಇಟ್ಟುಕೊಂಡರೆ ಅನಾಥ ಪುಟದ ತೂಕ 0.15. ಈಗ ಒಬ್ಬ ಚತುರನು ಹುರುಳಿಲ್ಲದ ಸಾವಿರ ಪುಟಗಳನ್ನು ಸೃಷ್ಟಿಸಿ, ಪ್ರತಿಯೊಂದರಿಂದಲೂ ತನ್ನ ಅಂಗಡಿಯ ಪುಟಕ್ಕೆ ಒಂದೇ ಒಂದು ಕೊಂಡಿ ಕೊಟ್ಟನೆನ್ನಿ. ಪ್ರತಿಯೊಂದು ಪುಟವೂ 0.15ರ 0.85 ಪಾಲನ್ನು, ಎಂದರೆ 0.1275ನ್ನು, ಅಂಗಡಿಯ ಪುಟಕ್ಕೆ ಸಾಗಿಸುತ್ತದೆ. ಸಾವಿರ ಪುಟಗಳಿಂದ 127.5! ಒಬ್ಬ ಸಜ್ಜನನೂ ಶಿಫಾರಸು ಮಾಡದ ಪುಟಕ್ಕೆ ಸರಾಸರಿಯ ನೂರಿಪ್ಪತ್ತೇಳು ಪಟ್ಟು ತೂಕ ಬಂದುಬಿಟ್ಟಿತು. ಜ್ವರಮಾಪಕವನ್ನು ಬಿಸಿನೀರಿನಲ್ಲಿ ಅದ್ದುವ ಹೊಸ ವಿಧಾನವಿದು. ‘ಕೊಂಡಿಗಳ ತೋಟ’ ಎಂದು ಕರೆಯಿಸಿಕೊಂಡ ಈ ಬೇಸಾಯವು ಸೊಗಸಾಗಿ ಬೆಳೆಯಿತು. ಕೊಂಡಿಗಳು ಸಂತೆಯ ಸರಕಿನಂತೆ ಮಾರಾಟಕ್ಕೆ ಬಂದವು.

ಎರಡು ನಿದರ್ಶನಗಳು

ಹಾಗಾದರೆ ಸ್ಥಾನವನ್ನು ಬೇಕೆಂದೇ ಮೇಲಕ್ಕೆತ್ತುವುದು ಸಾಧ್ಯವೆಂದಾಯಿತು. ಇದನ್ನು ತೋರಿಸುವ ಒಂದು ವಿನೋದದ ಪ್ರಯೋಗವು 2004ರಲ್ಲಿ ನಡೆಯಿತು. ‘ನಿಗ್ರಿಟ್ಯೂಡ್ ಅಲ್ಟ್ರಾಮೆರೀನ್’ ಎಂಬ ಅರ್ಥವಿಲ್ಲದ ಪದಜೋಡಿಯನ್ನು ಆರಿಸಿಕೊಂಡು, ಅದನ್ನು ಗೂಗಲ್‌ನಲ್ಲಿ ಹುಡುಕಿದಾಗ ಯಾರ ಪುಟ ಮೊದಲು ಬರುವುದೋ ಅವರಿಗೆ ಬಹುಮಾನವೆಂದು ಸ್ಪರ್ಧೆಯನ್ನು ಸಾರಿದರು. ಆ ಜೋಡಿಪದ ಅದಕ್ಕೆ ಮುಂಚೆ ಯಾವ ಪುಟದಲ್ಲಿಯೂ ಇರಲಿಲ್ಲ. ಆದುದರಿಂದ ಎಲ್ಲ ಸ್ಪರ್ಧಾಳುಗಳೂ ಒಂದೇ ಗೆರೆಯಿಂದ ಓಟವನ್ನು ಆರಂಭಿಸಿದಂತಾಯಿತು. ವೃತ್ತಿಪರರು ತಮ್ಮ ಕೈಚಳಕವನ್ನೆಲ್ಲ ತೋರಿಸಿದರು. ಆದರೆ ಜುಲೈ ತಿಂಗಳಲ್ಲಿ ಅಂತಿಮ ಬಹುಮಾನವನ್ನು ಪಡೆದವನು ಅನಿಲ್ ಡ್ಯಾಶ್ ಎಂಬ ಅಮೆರಿಕದ ಬರಹಗಾರ. ಅವನು ತೋಟವನ್ನೂ ಹಾಕಲಿಲ್ಲ, ಬಣ್ಣವನ್ನೂ ಬಚ್ಚಿಡಲಿಲ್ಲ. ತನ್ನ ಬರಹಗಳನ್ನು ಓದುತ್ತಿದ್ದವರನ್ನು ‘ನನ್ನ ಈ ಪುಟಕ್ಕೆ ಒಂದು ಕೊಂಡಿ ಕೊಡಿ’ ಎಂದು ಕೇಳಿಕೊಂಡನು, ಅಷ್ಟೆ.

ಈ ಕಥೆಯಿಂದ ಎರಡು ಪಾಠಗಳನ್ನು ಕಲಿಯಬಹುದು. ವರ್ಷಗಟ್ಟಲೆ ಬರೆದು ಗಳಿಸಿದ ಓದುಗರ ವಿಶ್ವಾಸವು ವೃತ್ತಿಪರರ ತಂತ್ರಗಳನ್ನು ಮೀರಿಸಿತೆಂಬುದು ಒಂದು. ಗೆದ್ದ ಪುಟದಲ್ಲಿ ಹೇಳಿಕೊಳ್ಳುವಂತಹ ಜ್ಞಾನವೇನೂ ಇರಲಿಲ್ಲವೆಂಬುದು ಇನ್ನೊಂದು. ಯಂತ್ರವು ಅಳೆದುದು ಪುಟದ ಸಾರವನ್ನಲ್ಲ, ಅದರ ಕಡೆಗೆ ಬೆರಳು ತೋರಿಸಿದವರನ್ನು.

ಎರಡನೆಯ ನಿದರ್ಶನವು ವಿನೋದದ್ದಲ್ಲ. ಜೆ. ಸಿ. ಪೆನ್ನಿ ಎಂಬುದು ಅಮೆರಿಕದ ದೊಡ್ಡ ವ್ಯಾಪಾರ ಸಂಸ್ಥೆ. ಉಡುಪು, ಹಾಸಿಗೆ, ರತ್ನಗಂಬಳಿ ಮುಂತಾಗಿ ಏನನ್ನು ಹುಡುಕಿದರೂ ಅದರ ಹೆಸರೇ ಗೂಗಲ್‌ನಲ್ಲಿ ತಿಂಗಳುಗಟ್ಟಲೆ ಮೊದಲು ಬರುತ್ತಿತ್ತು. ಹಬ್ಬದ ವ್ಯಾಪಾರದ ಕಾಲವೂ ಅದರಲ್ಲಿ ಸೇರಿತ್ತು. ಸರಕಿಗೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಪುಟಗಳಿಂದ ಅದರ ತಾಣಕ್ಕೆ ಕೊಂಡಿಗಳನ್ನು ನೆಡಲಾಗಿದೆಯೆಂಬುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಬಯಲಿಗೆಳೆಯಿತು. ಆ ಕೊಂಡಿಗಳನ್ನು ತಾನು ಹಾಕಿಸಲಿಲ್ಲವೆಂದು ಸಂಸ್ಥೆಯು ಹೇಳಿ, ಎಸ್‌ಇಒ ಕೆಲಸಕ್ಕೆ ನೇಮಿಸಿಕೊಂಡಿದ್ದವರನ್ನು ಬಿಡಿಸಿತು. ಗೂಗಲ್ ದಂಡನೆ ವಿಧಿಸಿತು. ಒಂದು ಬಗೆಯ ಪ್ರಯಾಣದ ಪೆಟ್ಟಿಗೆಯ ಹುಡುಕಾಟದಲ್ಲಿ ಸಂಜೆ ಏಳು ಗಂಟೆಗೆ ಮೊದಲನೆಯದಾಗಿದ್ದ ಅದರ ಪುಟವು ಎರಡು ಗಂಟೆಗಳ ತರುವಾಯ 71ನೆಯದಾಗಿತ್ತು.

ಸುಳ್ಳು ಚಿಹ್ನೆಗಳು ಫಲ ಕೊಟ್ಟವೇ ಎಂದು ಕೇಳಿದರೆ, ಕೊಟ್ಟವು. ಅದೂ ವ್ಯಾಪಾರದ ಸುಗ್ಗಿಯಲ್ಲಿ. ಉಳಿದವೇ ಎಂದು ಕೇಳಿದರೆ, ಉಳಿಯಲಿಲ್ಲ. 2011ರಲ್ಲಿ ‘ಪಾಂಡಾ’ ಮತ್ತು 2012ರಲ್ಲಿ ‘ಪೆಂಗ್ವಿನ್’ ಎಂಬ ಹೆಸರುಗಳಿಂದ ಗೂಗಲ್ ತನ್ನ ಅಳತೆಗಳನ್ನು ಬದಲಾಯಿಸಿದಾಗ ಇಂತಹ ಎಷ್ಟೋ ತಾಣಗಳು ಒಂದೇ ರಾತ್ರಿಯಲ್ಲಿ ಪಾತಾಳವನ್ನು ಸೇರಿದವು. ಮೊದಲನೆಯದು ಹುರುಳಿಲ್ಲದ ಬರಹವನ್ನೂ ಎರಡನೆಯದು ಕೃತಕ ಕೊಂಡಿಗಳನ್ನೂ ಗುರಿಯಾಗಿಟ್ಟುಕೊಂಡಿತ್ತು.

ಒಂದು ಅಳತೆಯನ್ನೇ ಗುರಿಯಾಗಿ ಮಾಡಿಕೊಂಡೊಡನೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯನ್ನು ಕುರಿತು ಹೇಳಿದ ಮಾತಿನ ಸಾರವಿದು. ಅಂಕಗಳಿಗಾಗಿಯೇ ಓದುವವರಿಂದ ಪರೀಕ್ಷೆಯು ಜ್ಞಾನದ ಅಳತೆಯಾಗದೆ ಹೋಗುವುದನ್ನು ಕಾಲೇಜಿನಲ್ಲಿರುವ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಕೋಳಿಯೂ ಬೆಳಗೂ

ಇನ್ನು ಪ್ರಾಮಾಣಿಕವಾಗಿ ಕೆಲಸ ಮಾಡುವ ಪರಿಣತರ ಮಾತಿಗೆ ಬರೋಣ. ‘ನಾವು ಪುಟವನ್ನು ತಿದ್ದಿದೆವು, ಎರಡು ತಿಂಗಳಲ್ಲಿ ಅದು ನಲವತ್ತನೆಯ ಸ್ಥಾನದಿಂದ ಎಂಟಕ್ಕೆ ಏರಿತು’ ಎಂದು ಅವರು ಲೆಕ್ಕ ತೋರಿಸಿದರೆ ಅದನ್ನು ಒಪ್ಪಬಹುದೇ? ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಯೆಂದು ನಂಬಿದ್ದ ಅಜ್ಜಿಯ ಕಥೆ ವಾಚಕರಿಗೆ ಗೊತ್ತಿದೆ. ಕೋಳಿ ಕೂಗಿದುದೂ ನಿಜ, ಅನಂತರ ಬೆಳಗಾದುದೂ ನಿಜ. ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ.

ಪುಟದ ಸ್ಥಾನವು ತಾನಾಗಿಯೇ ಏರಿಳಿಯಲು ಕಾರಣಗಳು ಹಲವಿವೆ. ಯಂತ್ರದ ಅಳತೆಯೇ ಈ ನಡುವೆ ಬದಲಾಗಿರಬಹುದು. ಮೇಲಿದ್ದ ಪ್ರತಿಸ್ಪರ್ಧಿಗಳು ತಮ್ಮ ತಾಣಗಳನ್ನು ಮುಚ್ಚಿರಬಹುದು. ಪರೀಕ್ಷೆಯ ಕಾಲ ಬಂದುದರಿಂದ ಪಠ್ಯಪುಸ್ತಕಗಳನ್ನು ಹುಡುಕುವವರು ಹೆಚ್ಚಿರಬಹುದು. ಅಲ್ಲದೆ ಜನರು ಪರಿಣತರನ್ನು ಕರೆಯುವುದು ಸ್ಥಿತಿ ತೀರ ಕೆಟ್ಟಾಗ. ತೀರ ಕೆಟ್ಟುದು ಮುಂದೆ ಕೊಂಚವಾದರೂ ಸುಧಾರಿಸುವುದು ಸಂಭವನೀಯ. ಜ್ವರ ಉಚ್ಚ ಸ್ಥಿತಿಯಲ್ಲಿದ್ದಾಗ ಕೊಟ್ಟ ಔಷಧಕ್ಕೆ ಜ್ವರ ಇಳಿದ ಕೀರ್ತಿ ಬರುವಂತೆ. ಏರಿದ ಪುಟಗಳನ್ನು ಜಾಹೀರಾತಿನಲ್ಲಿ ತೋರಿಸುತ್ತಾರೆ. ಏರದ ಪುಟಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಇಲ್ಲಿ ಪ್ರಯೋಗಶಾಲೆಯ ಹಳೆಯ ಉಪಾಯವೇ ನಮಗೆ ದಾರಿ. ಒಂದೇ ಬಗೆಯ ನಲವತ್ತು ಪುಟಗಳನ್ನು ತೆಗೆದುಕೊಂಡು ನಾಣ್ಯ ಚಿಮ್ಮಿ ಎರಡು ಗುಂಪು ಮಾಡಬೇಕು. ಒಂದು ಗುಂಪಿನಲ್ಲಿ ಶೀರ್ಷಿಕೆಗಳನ್ನು ತಿದ್ದಬೇಕು, ಇನ್ನೊಂದನ್ನು ಮುಟ್ಟಕೂಡದು. ಕೆಲವು ವಾರಗಳ ತರುವಾಯ ಎರಡಕ್ಕೂ ಶೋಧಯಂತ್ರದಿಂದ ಬಂದವರನ್ನು ಎಣಿಸಬೇಕು. ಯಂತ್ರದ ಅಳತೆ ಬದಲಾದರೂ ಪರೀಕ್ಷೆಯ ಕಾಲ ಬಂದರೂ ಅದು ಎರಡು ಗುಂಪುಗಳಿಗೂ ಸಮಾನ. ಆದುದರಿಂದ ಉಳಿಯುವ ವ್ಯತ್ಯಾಸವು, ಆಕಸ್ಮಿಕದಿಂದ ಆಗಬಹುದಾದುದಕ್ಕಿಂತ ದೊಡ್ಡದಾಗಿದ್ದರೆ, ತಿದ್ದುಪಡಿಯ ಫಲವೇ ಸರಿ. ಕೈಕಸುಬಿನ ವಸ್ತುಗಳನ್ನು ಮಾರುವ ‘ಎಟ್ಸಿ’ ಎಂಬ ಅಮೆರಿಕದ ತಾಣವು ಇಂತಹುದೇ ಪರೀಕ್ಷೆಯನ್ನು ತನ್ನ ಪುಟಗಳ ಶೀರ್ಷಿಕೆಗಳ ಮೇಲೆ ನಡೆಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಕೆಲವು ಬದಲಾವಣೆಗಳಿಂದ ಬರುವವರು ಹೆಚ್ಚಿದರು, ಕೆಲವದರಿಂದ ಕಡಮೆಯಾದರು. ಒಟ್ಟಿನಲ್ಲಿ ಚಿಕ್ಕ ಶೀರ್ಷಿಕೆಗಳೇ ಮೇಲೆನಿಸಿದವು.

ಆದುದರಿಂದ ಈ ವಿದ್ಯೆಯು ಬರಿಯ ಮಂತ್ರವಲ್ಲ. ಆದರೆ ಅದರ ಪರಿಣಾಮವನ್ನು ತಿಳಿಯಲು ಪ್ರಯೋಗ ಬೇಕು. ಪರಿಣತನ ಅನುಭವವು ಪ್ರಯೋಗದ ಸ್ಥಾನವನ್ನು ತುಂಬಲಾರದು. ಮೊದಲ ಸ್ಥಾನದ ಭರವಸೆಯಂತೂ ಪೊಳ್ಳು. ಅಂತಹ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತನ್ನ ಮಾರ್ಗದರ್ಶಿಯಲ್ಲಿ ಎಚ್ಚರಿಸಿದೆ. ಅದಕ್ಕೆ ಸರಳವಾದ ಗಣಿತವೂ ಇದೆ. ನೂರು ಪುಸ್ತಕ ವ್ಯಾಪಾರಿಗಳೂ ನೂರು ಪರಿಣತರನ್ನು ನೇಮಿಸಿಕೊಂಡರೂ ಮೇಲಿನ ಹತ್ತು ಸ್ಥಾನಗಳು ಹತ್ತೇ. ಒಬ್ಬನು ಏರಬೇಕಾದರೆ ಇನ್ನೊಬ್ಬನು ಇಳಿಯಲೇಬೇಕು.

ಕನ್ನಡದ ಪುಟಗಳ ಮಾತು

ಕೈಚಳಕಗಳನ್ನು ಬಿಟ್ಟರೆ ಈ ವಿದ್ಯೆಯಲ್ಲಿ ಉಳಿಯುವುದೇನು? ಪುಟದ ಶೀರ್ಷಿಕೆಯು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ತಾಣದ ಪ್ರತಿಯೊಂದು ಪುಟಕ್ಕೂ ಕೊಂಡಿಯ ದಾರಿ ಇರಬೇಕು. ಚಿತ್ರಕ್ಕೆ ಮಾತಿನ ವಿವರಣೆ ಇರಬೇಕು. ಪುಟವು ಬೇಗನೆ ತೆರೆಯಬೇಕು. ಹುಡುಕುವವರು ಬಳಸುವ ಮಾತನ್ನೇ ಬರೆಯುವವರೂ ಬಳಸಬೇಕು. ಇವು ಯಂತ್ರವನ್ನು ವಂಚಿಸುವ ಉಪಾಯಗಳಲ್ಲ. ಅದು ತನ್ನ ಮೊದಲ ಎರಡು ಕೆಲಸಗಳನ್ನು ನಿರಾತಂಕವಾಗಿ ಮಾಡಲು ನೀಡುವ ನೆರವು. ಅಂಗಡಿಯ ಮುಂದೆ ಓದಲು ಬರುವಂತಹ ಹಲಗೆಯನ್ನು ತೂಗುಹಾಕಿದಂತೆ.

ಈ ಸಾಮಾನ್ಯ ಶುಚಿತ್ವವು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಕನ್ನಡವೇ ಸಾಕ್ಷಿ. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತ ಪದ್ಧತಿಯು ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡುತ್ತದೆ. ಅದರ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಬಹುಕಾಲ ನಮ್ಮ ಬರಹಗಳನ್ನು ಬೇರೊಂದು ಉಪಾಯದಿಂದ ಸಿದ್ಧಪಡಿಸುತ್ತಿದ್ದರು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಬರಹವು ಮುತ್ತಿನಂತೆ ಕಾಣುತ್ತಿತ್ತು. ಒಳಗೆ ಶೋಧಯಂತ್ರಕ್ಕೆ ಕಾಣುತ್ತಿದ್ದುದು ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇಂತಹ ಪುಟದಲ್ಲಿ ಗುರುತ್ವಾಕರ್ಷಣೆಯನ್ನು ಎಷ್ಟು ಚೆನ್ನಾಗಿ ವಿವರಿಸಿದ್ದರೂ ‘ಗುರುತ್ವಾಕರ್ಷಣೆ’ ಎಂದು ಹುಡುಕಿದವರಿಗೆ ಅದು ಸಿಗಲಾರದು. ಮುದ್ರಿತ ಹಾಳೆಯ ಛಾಯಾಚಿತ್ರವನ್ನು ಹಾಗೆಯೇ ಏರಿಸಿದ ಪುಟಗಳ ಗತಿಯೂ ಬಹುಮಟ್ಟಿಗೆ ಹೀಗೆಯೇ. ಚಿತ್ರದೊಳಗಿನ ಅಕ್ಷರಗಳನ್ನು ಓದುವ ವಿದ್ಯೆಯು ಈಗ ಬೆಳೆದಿದೆಯಾದರೂ ಅದನ್ನು ನಂಬಿ ಕೂಡುವಂತಿಲ್ಲ.

ಇಂತಹ ಬರಹವನ್ನು ಯೂನಿಕೋಡಿಗೆ ತಂದರೆ ಯಾರನ್ನೂ ಕೆಳಕ್ಕೆ ತಳ್ಳಿದಂತಾಗುವುದಿಲ್ಲ. ಸೂಚಿಯಲ್ಲಿಯೇ ಇಲ್ಲದಿದ್ದುದು ಸೂಚಿಗೆ ಬಂದಂತಾಗುತ್ತದೆ. ಎಸ್‌ಇಒ ವಿದ್ಯೆಯು ಕೊಡಬಲ್ಲ ಅತ್ಯಂತ ದೊಡ್ಡ ಲಾಭವಿದು. ಇದಕ್ಕೆ ತಾಳ್ಮೆಯ ಹೊರತು ಯಾವ ಗುಟ್ಟೂ ಬೇಕಿಲ್ಲ.

ಓದುವವರ ಪಾಲು

ಕೊನೆಯದಾಗಿ, ಹುಡುಕುವವರ ವಿಷಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನು ಅಳೆದು 2007ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗೂಗಲ್ ಕೊಟ್ಟ ಹತ್ತು ಉತ್ತರಗಳ ಕ್ರಮವನ್ನು ಅವರು ಕೆಲವರಿಗೆ ಗುಟ್ಟಾಗಿ ತಲೆಕೆಳಗು ಮಾಡಿ ತೋರಿಸಿದ್ದರು. ಹತ್ತನೆಯದು ಮೊದಲಿಗೆ ಬಂದಿತ್ತು. ಆಗಲೂ ವಿದ್ಯಾರ್ಥಿಗಳು ಹೆಚ್ಚಾಗಿ ಒತ್ತಿದುದು ಮೇಲಿದ್ದುವನ್ನೇ. ಅವರು ಉತ್ತರದ ಗುಣವನ್ನು ನಂಬಿದುದಕ್ಕಿಂತ ಹೆಚ್ಚಾಗಿ ಅದರ ಸ್ಥಾನವನ್ನು ನಂಬಿದ್ದರು.

ಜರ್ಮನಿಯ ಲೈಪ್‌ಜಿಗ್ ಮತ್ತು ವೈಮಾರ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಇದರ ಇನ್ನೊಂದು ಮುಖವನ್ನು ತೋರಿಸಿದ್ದಾರೆ. ಸರಕುಗಳ ವಿಮರ್ಶೆಯನ್ನು ಕೇಳುವ 7,392 ಪ್ರಶ್ನೆಗಳನ್ನು ಒಂದು ವರ್ಷ ಕಾಲ ಶೋಧಯಂತ್ರಗಳಿಗೆ ಹಾಕಿ, 2024ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲಿನ ಸ್ಥಾನಗಳಲ್ಲಿದ್ದ ಪುಟಗಳು ಸರಾಸರಿಯಲ್ಲಿ ಹೆಚ್ಚು ಎಸ್‌ಇಒ ಪರಿಷ್ಕಾರ ಪಡೆದುವಾಗಿದ್ದವು, ಓದುಗರನ್ನು ಅಂಗಡಿಗೆ ಕಳುಹಿಸಿ ದಲ್ಲಾಳಿ ಹಣ ಪಡೆಯುವ ಕೊಂಡಿಗಳು ಅವುಗಳಲ್ಲಿ ಹೆಚ್ಚಾಗಿದ್ದವು, ಬರಹದ ಗುಣ ಕಡಮೆಯಾಗಿರುವ ಲಕ್ಷಣಗಳೂ ಕಂಡವು. ಯಂತ್ರದವರು ಅಳತೆಯನ್ನು ತಿದ್ದಿದಾಗಲೆಲ್ಲ ಸ್ಥಿತಿ ಕೊಂಚ ಸುಧಾರಿಸಿ, ಮತ್ತೆ ಹಿಂದಿನಂತಾಗುತ್ತಿತ್ತು. ಇನ್ನು ಪಟ್ಟಿಯ ಬದಲಾಗಿ ತಾವೇ ಉತ್ತರವನ್ನು ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳೂ ಬಂದಿವೆ. ಅವುಗಳ ಉತ್ತರದಲ್ಲಿ ತಮ್ಮ ಪುಟದ ಹೆಸರನ್ನು ಸೇರಿಸುವುದು ಹೇಗೆಂಬ ಸಂಶೋಧನೆಯೂ ಆರಂಭವಾಗಿದೆ. ಅಳತೆಗೋಲು ಬದಲಾಯಿತು, ಆಟ ಬದಲಾಗಲಿಲ್ಲ.

ಶೋಧಯಂತ್ರವನ್ನು ಒಲಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ, ಒಂದು ಮಿತಿಯವರೆಗೆ ಒಲಿಸಿಕೊಳ್ಳಬಹುದು ಎಂಬುದೇ ಉತ್ತರ. ಅದು ಓದಲಾರದಂತಿರುವ ಪುಟವನ್ನು ಓದಬಲ್ಲಂತೆ ಮಾಡಿದರೆ ಫಲವು ನಿಶ್ಚಿತ. ಹುರುಳಿಲ್ಲದ ಪುಟಕ್ಕೆ ಹುರುಳಿನ ವೇಷ ತೊಡಿಸಿದರೆ ಫಲವು ಅಳತೆ ಬದಲಾಗುವವರೆಗೆ ಮಾತ್ರ. ಆದರೆ ಅಷ್ಟು ಕಾಲದಲ್ಲಿ ಎಷ್ಟು ಮಂದಿ ಅದನ್ನು ಓದಿ ನಂಬಿರುತ್ತಾರೋ! ಆ ನಷ್ಟವನ್ನು ಯಾವ ಯಂತ್ರವೂ ಹಿಂದಿರುಗಿಸಲಾರದು. ಆದುದರಿಂದ ಮುಂದಿನ ಸಾರಿ ಏನನ್ನಾದರೂ ಹುಡುಕಿದಾಗ ಮೊದಲನೆಯ ಉತ್ತರವನ್ನು ಓದಿ, ಐದನೆಯದನ್ನೂ ಹನ್ನೆರಡನೆಯದನ್ನೂ ತೆರೆದು ನೋಡಿ. ಬರೆದವರು ಯಾರು, ಅವರಿಗೆ ಈ ವಿಷಯ ಹೇಗೆ ಗೊತ್ತು, ಇದನ್ನು ಬರೆದುದರಿಂದ ಅವರಿಗೆ ಬರುವ ಲಾಭವೇನು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಯಂತ್ರವು ಸ್ಥಾನವನ್ನು ಕೊಡುತ್ತದೆ. ಬೆಲೆ ಕಟ್ಟುವ ಕೆಲಸವನ್ನು ಅದು ನಮಗೇ ಬಿಟ್ಟಿದೆ.